ನಳಿಗೆಯ ತುಂಡು

ಸೆಪ್ಟೆಂಬರ್ ೧೪, ಭಾನುವಾರ

ಇವತ್ತು ಗೆದ್ದೆ. ಇನ್ನು ಈ ಮನೆಯಿಂದ ಸೀಸದ ಗುಂಡು ಕಾಡಿಗೆ ಹೋಗುವುದಿಲ್ಲ.

ಎಂಟು ತಿಂಗಳು ಹಿಡಿಯಿತು. ಜನವರಿಯಲ್ಲಿ ನಮ್ಮ ಪಕ್ಷಿಗಳ ಆಶ್ರಯಕ್ಕೆ ಆ ಹೊನ್ನ ಹದ್ದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿದ್ದರು. ಉಗುರು ಮುಷ್ಟಿಯಾಗಿ ಬಿಗಿದಿತ್ತು, ರೆಕ್ಕೆ ಒದ್ದೆ ಕಂಬಳಿಯಂತೆ ಜೋತುಬಿದ್ದಿತ್ತು. ಯಾರೋ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಹೊಡೆದು, ಬಗೆದು, ಕರುಳನ್ನು ಕಾಡಿನಲ್ಲೇ ಬಿಟ್ಟು ಹೋಗಿದ್ದರು. ಅದರಲ್ಲಿದ್ದ ಸೀಸದ ಚೂರನ್ನು ಇದು ತಿಂದಿತ್ತು. ಅಕ್ಕಿಕಾಳಿಗಿಂತ ಚಿಕ್ಕ ಚೂರು. ನಾಲ್ಕನೇ ದಿನ ನನ್ನ ಮಡಿಲಲ್ಲೇ ಸತ್ತಿತು.

ಅದು ಸಿಕ್ಕಿದ ಜಾಗ ಅಪ್ಪ ಬೇಟೆಯಾಡುವ ಕಣಿವೆ. ಅವನ ಎಲ್ಕೇ ಇರಬೇಕೆಂದೇನಿಲ್ಲ. ಅಲ್ಲವೆಂದು ಹೇಳುವ ಧೈರ್ಯ ಅವನಿಗೂ ಇಲ್ಲ. ಹಾಗೆಂದು ಅವನ ಮುಖಕ್ಕೇ ಹೇಳಿದ್ದೆ.

ಅಂದಿನಿಂದ ಹನ್ನೊಂದು ಕರಪತ್ರಗಳನ್ನು ಊಟದ ಮೇಜಿನ ಮೇಲೆ, ಅವನ ತಟ್ಟೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಒಂದನ್ನೂ ಬಿಡಿಸಿ ನೋಡಿಲ್ಲ. ಒಂದರ ಮೇಲೆ ಕಾಫಿ ಲೋಟ ಇಟ್ಟಿದ್ದ. ನಾನೇ ಬರೆದದ್ದೊಂದನ್ನು ಕೈಗೆ ಕೊಟ್ಟೆ, ಮಡಚಿ ಜೇಬಿಗಿಟ್ಟುಕೊಂಡ. ಇಡೀ ಊರಿನಲ್ಲಿ ತಲೆಮಾರುಗಳಿಂದ ಜಮೆಯಾದ ಅಸಡ್ಡೆಯನ್ನು ಒಬ್ಬ ಮನುಷ್ಯನಲ್ಲಿ ನೋಡಬೇಕೆಂದರೆ ನಮ್ಮ ಮನೆಗೆ ಬರಬೇಕು.

ಬೆಳಿಗ್ಗೆ ನಾನು ಮತ್ತೆ ಮಾತು ತೆಗೆದಾಗ ಹೇಳಿದ: "ಆಯ್ತು ಬಿಡು ಸಿಗ್ನೆ. ತಾಮ್ರದ್ದೇ ಹಾಕೋಣ."

"ನಿಜವಾಗ್ಲೂ?"

"ನೀನು ಓದಿದ್ದೀಯ. ಸುಳ್ಳು ಓದಿರಲ್ಲ."

ವಾದಕ್ಕೆ ಎಲ್ಲ ಸಿದ್ಧ ಮಾಡಿಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಈಚೆಗೆ ನೋಡುವುದೇ ಇಲ್ಲ. ಕತ್ತು ಒಂದಿಷ್ಟು ತಿರುಗಿಸಿ, ನನ್ನ ಕಿವಿಯ ಹಿಂದಿನ ಗೋಡೆಗೆ ಮಾತಾಡುತ್ತಾನೆ. ಅಮ್ಮ ಸ್ಪೋಕೇನಿಗೆ ಹೋಗಿ ಬೇರೆ ಮನೆ ಮಾಡಿದ ವರ್ಷವೂ ಅವನು ನನ್ನೊಂದಿಗೆ ಹೀಗಿರಲಿಲ್ಲ.


ಸೆಪ್ಟೆಂಬರ್ ೧೭, ಬುಧವಾರ

ತಾಮ್ರದ ಗುಂಡಿನ ಡಬ್ಬಿ ಬಂತು. ಅದರ ಜೊತೆಗೆ ನನ್ನದೇ ಆದ ಕಂಪೇರೇಟರ್ ತರಿಸಿಕೊಂಡೆ.

ಅದರ ಕೆಲಸವನ್ನು ನನಗೇ ಸ್ಪಷ್ಟವಾಗಲೆಂದು ಬರೆದಿಡುತ್ತೇನೆ. ಕೈಯಲ್ಲಿ ತುಂಬಿದ ತೋಟಾದ ಉದ್ದವನ್ನು ಗುಂಡಿನ ಮೊನೆಯಿಂದ ಅಳೆಯಬಾರದು. ಒಂದೇ ಡಬ್ಬಿಯ ಗುಂಡುಗಳಲ್ಲೂ ಮೊನೆ ಹೆಚ್ಚುಕಮ್ಮಿ ಇರುತ್ತದೆ. ನಳಿಗೆಯೊಳಗೆ ಸುರುಳಿ ಗೀರುಗಳು ಶುರುವಾಗುವಲ್ಲಿ ಗುಂಡಿನ ಯಾವ ಬಾಗು ಹೋಗಿ ತಾಗುತ್ತದೋ ಅಲ್ಲಿಯವರೆಗೆ ಅಳೆಯಬೇಕು. ಕಂಪೇರೇಟರ್ ಅಂದರೆ ತೂತಿರುವ ಒಂದು ಲೋಹದ ತುಂಡು. ಗುಂಡಿನ ಮೂತಿ ಆ ತೂತಿನಲ್ಲಿ ಹೋಗಿ ಬಾಗಿನ ಹತ್ತಿರ ನಿಲ್ಲುತ್ತದೆ. ಅದನ್ನು ಉದ್ದ ಅಳೆಯುವ ಕ್ಯಾಲಿಪರಿಗೆ ಸಿಕ್ಕಿಸಿ ಅಂಕೆ ಓದಬೇಕು. ಇಂಚಿನ ಸಾವಿರದಲ್ಲೊಂದು ಭಾಗದವರೆಗೆ. ಅಪ್ಪ ಅದಕ್ಕೆ ಥೌ ಅನ್ನುತ್ತಾನೆ, ಗರಗಸದ ಮಿಲ್ಲಿನ ಮಾತು. ಜುಲೈನಲ್ಲಿ "ಸಾಕಾಯ್ತು" ಎಂದು ಆ ಕೆಲಸ ಬಿಟ್ಟು ಕೂತಿದ್ದಾನೆ. ಕೌಂಟಿಯಲ್ಲೇ ಒಳ್ಳೆಯ ಗರಗಸದವನು. ಅರವತ್ತೂ ಆಗಿಲ್ಲ. ಸೋಮಾರಿತನವೆಂದು ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ಅವನ ಹತ್ತಿರ ಒಂದು ಕಂಪೇರೇಟರ್ ಇದೆ, ಅದಕ್ಕೆ ಹಾಗೆ ಕರೆಯುವುದಾದರೆ. ಮೂವತ್ತೊಂದು ವರ್ಷದ ಹಿಂದೆ ಅಪ್ಪನ ಹಳೆಯ ಗೆಳೆಯ, ಬಂದೂಕು ಕೆಲಸದ ಆರ್ಲೋ ಮಾಮ ಅವನ ಬಂದೂಕಿಗೆ ಹೊಸ ನಳಿಗೆ ಕೂರಿಸಿದಾಗ ಕತ್ತರಿಸಿ ಉಳಿದ ಹೆಬ್ಬೆರಳುದ್ದದ ತುಂಡು. ನಳಿಗೆ ಕೊರೆದ ಅದೇ ಉಳಿಯಿಂದ ಅದನ್ನೂ ಕೊರೆದು ಕೊಟ್ಟಿದ್ದಾನೆ. ಅದಕ್ಕೆ ಅಂಕೆ ಇಲ್ಲ, ಗುರುತು ಇಲ್ಲ. ಜೇಬಿನಲ್ಲಿ ಇಟ್ಟು ಇಟ್ಟು ಹೊಳಪು ಬಂದಿದೆ.

"ಇದು ಅಳತೆಯಲ್ಲ ಅಪ್ಪ, ತಾಯಿತ," ಅಂದೆ.

ಆರ್ಲೋ ಮಾಮ ಪೋರ್ಚಿನಲ್ಲಿ ಕೂತು ಸೇಬು ಹೆಚ್ಚುತ್ತಿದ್ದ. "ಕೇಳ್ದೇನೋ ಡೆಲ್? ನಾನು ಮಂತ್ರವಾದಿ ಅಂತೆ. ಮೊದಲೇ ಹೇಳಿದ್ರೆ ದಕ್ಷಿಣೆ ಜಾಸ್ತಿ ಕೇಳ್ತಿದ್ದೆ."

"ನೀನು ಕೊಟ್ಟ ತಾಯಿತ ಕಟ್ಕೊಂಡ್ರೂ ನೀನೇ ತಾನೆ ನನಗೆ ಗಂಟು ಬಿದ್ದಿದ್ದು," ಅಂದ ಅಪ್ಪ.

ಇಬ್ಬರೂ ನಕ್ಕರು. ಇವರಿಗೆ ಯಾವುದೂ ಗಂಭೀರವಲ್ಲ.


ಸೆಪ್ಟೆಂಬರ್ ೨೧, ಭಾನುವಾರ

ಜಗಳ.

ಗುಂಡನ್ನು ಸಡಿಲವಾಗಿ ಕೂರಿಸಿದ ಖಾಲಿ ತೋಟಾವನ್ನು ಬಂದೂಕಿಗೆ ನೂಕಿ, ಗೀರು ತಾಗುವ ಜಾಗ ಎಲ್ಲಿದೆಯೆಂದು ಕಂಡುಹಿಡಿಯುತ್ತಿದ್ದೆವು. ನಾನು ಅಳೆದು ೨.೭೬೦ ಅಂದೆ. ಅವನಿಗೆ ಕೊಟ್ಟೆ. ಕ್ಯಾಲಿಪರನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, "ಎರಡು ಏಳುನೂರ ಅರವತ್ತೆಂಟು," ಅಂದ. ಎಂಟು ಥೌ ತಪ್ಪು. ಮೂವತ್ತು ವರ್ಷ ಗರಗಸದ ಹಲ್ಲು ಅಳೆದವನು. ಇನ್ನೊಮ್ಮೆ ನೋಡು ಅಂದೆ. "ನೀನೇ ಓದು," ಎಂದು ಮೇಜಿನ ಮೇಲೆ ಇಟ್ಟುಬಿಟ್ಟ.

ಪರೀಕ್ಷೆ ಮಾಡುತ್ತಿದ್ದಾನೆ, ಅಥವಾ ಹಂಗಿಸುತ್ತಿದ್ದಾನೆ. ಯಾವುದಾದರೂ ಸರಿ, ನಾನು ಬಿಡಲಿಲ್ಲ. ಹದ್ದಿನ ರಕ್ತದಲ್ಲಿ ಸೀಸ ಎಷ್ಟೆಂದು ಓದುವವರು ನಿನ್ನ ಹಾಗೆ ಅಸಡ್ಡೆ ಮಾಡಿದರೆ ಏನಾಗುತ್ತದೆ ಗೊತ್ತಾ ಅಂದೆ. ಅಂಕೆ ಎಂದರೆ ಮಾತು, ಮಾತು ತಪ್ಪುವವನು ಅಳೆಯಬಾರದು ಅಂದೆ. ಈ ವಾಕ್ಯ ಚೆನ್ನಾಗಿದೆ, ಮುಂದಿನ ಕರಪತ್ರದಲ್ಲಿ ಸೇರಿಸಬೇಕು.

ಅವನು ಗೋಡೆಗೆ ಹೇಳಿದ: "ಸರಿ. ಇನ್ಮುಂದೆ ನೀನೇ ಅಳೆ."

ತಾಮ್ರಕ್ಕೆ ಗೀರಿನಿಂದ ಐವತ್ತು ಥೌ ದೂರ ಬೇಕೆಂದು ಡಬ್ಬಿಯ ಜೊತೆಗಿನ ಚೀಟಿಯಲ್ಲಿದೆ. ಹಾಗಾಗಿ ೨.೭೧೦. ಹತ್ತು ತೋಟಾ ತುಂಬಿದೆ.


ಅಕ್ಟೋಬರ್ ೫, ಭಾನುವಾರ

ಲಾರ್ಚ್ ಮರಗಳು ಹಳದಿಯಾಗಿವೆ. ಆರ್ಲೋ ಮಾಮನ ಹೊಲದ ಹಿಂದೆ ಹೋಗಿ ಹತ್ತೂ ಹೊಡೆದೆ. ಗಾಡಿ ನಾನೇ ಓಡಿಸಿದೆ. ಈಗೆಲ್ಲ ನಾನೇ ಓಡಿಸಬೇಕು. "ಕೈ ಪಳಗಲಿ" ಅನ್ನುತ್ತಾನೆ, ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ.

ಕೊನೆಯ ಮೂರು ಗುಂಡು ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಅಪ್ಪನಿಗೆ ಹೊಡೆಯಲು ಹೇಳಿದೆ, ಒಲ್ಲೆ ಅಂದ. ಕಾಗದದ ಹತ್ತಿರ ಹೋಗಿ ಬೆರಳಿನಿಂದ ತೂತು ಸವರಿದ. "ಇದು ಮೂರಾ?"

"ಎಣಿಸೋಕೆ ಬರಲ್ವಾ?"

"ಬರುತ್ತೆ. ನಿನ್ನ ಬಾಯಲ್ಲಿ ಕೇಳೋಣ ಅಂತ."

"ಮೂರು."

"ಲೇ ಡೆಲ್, ನಿನ್ನ ಕಾಲ ಮುಗೀತು ಕಣೋ," ಅಂದ ಆರ್ಲೋ ಮಾಮ. ಅಪ್ಪ ಕಾಗದವನ್ನು ಬಿಡಿಸಿ ಮಡಚಿದ. ಮಾಮ ನಾಲಿಗೆ ಕಚ್ಚಿಕೊಂಡು ಖಾಲಿ ಹಿತ್ತಾಳೆ ಕೊಳವೆಗಳನ್ನು ಆರಿಸತೊಡಗಿದ.

ಮನೆಗೆ ಬಂದು ತೋಟಾ ತುಂಬುವ ಪ್ರೆಸ್ಸಿನಿಂದ, ಗುಂಡು ಎಷ್ಟು ಆಳ ಕೂರಬೇಕೆಂದು ಹಿಡಿದಿಡುವ ಡೈಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಚ್ಚಿ ಡಬ್ಬಿಯಲ್ಲಿಟ್ಟೆ. ಹಳೆಯ ಸೀಸದ ಗುಂಡಿಗೆ ಅವನು ಕೂರಿಸಿಟ್ಟ ಡೈಯನ್ನೂ. ಹನ್ನೆರಡು ವರ್ಷದ ಜಿಡ್ಡು. ಕೆಲಸ ಮುಗಿದ ಮೇಲೆ ಬಿಚ್ಚಿಡಬೇಕೆಂದು ಪುಸ್ತಿಕೆಯಲ್ಲಿ ಸ್ಪಷ್ಟವಾಗಿದೆ. ನನ್ನ ಕಂಪೇರೇಟರ್ ನನ್ನ ಚೀಲದಲ್ಲೇ ಇರುತ್ತದೆ. ಒಂದು ಉಪಕರಣಕ್ಕೆ ಒಂದೇ ಕೈ.


ಅಕ್ಟೋಬರ್ ೨೪, ಶುಕ್ರವಾರ

ನಾಳೆ ಬೇಟೆ ಶುರು. ಆಶ್ರಯಕ್ಕೆ ಮಧ್ಯಾಹ್ನ ಇನ್ನೊಂದು ಹದ್ದು ಬಂದಿದೆ, ಇನ್ನೂ ಮರಿ. ಗಂಟಲಿಗೆ ಕೊಳವೆ ಇಳಿಸುತ್ತಿದ್ದಾಗ ಅಪ್ಪನ ಫೋನು. ಇಪ್ಪತ್ತು ತೋಟಾ ತುಂಬುತ್ತಾನಂತೆ, ಅಂಕೆ ಬೇಕಂತೆ. ಎರಡು ಪಾಯಿಂಟ್ ಏಳು ಒಂದು ಸೊನ್ನೆ ಅಂದೆ. ಯಾವುದರಲ್ಲಿ ಅಳೆದದ್ದು ಎಂದು ಕೇಳಿದ. ಯಾವುದರಲ್ಲಾದರೇನು, ಇಂಚು ಇಂಚೇ, ಹಾಕು ಎಂದು ಇಟ್ಟೆ.

ಮರಿ ಬದುಕಬಹುದು.


ಅಕ್ಟೋಬರ್ ೨೫, ಶನಿವಾರ

ಬೆಟ್ಟದಿಂದ ಈಗಷ್ಟೇ ಇಳಿದು ಬಂದೆವು.

ನನ್ನ ಹತ್ತಿರ ಪರವಾನಗಿ ಇಲ್ಲ. ಹದಿನಾರಕ್ಕೇ ಕೊಲ್ಲುವುದನ್ನು ಬಿಟ್ಟಿದ್ದೇನೆ. ತಾಮ್ರ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಮಾತ್ರ ಹೋಗಿದ್ದೆ. ಬೆಳಕು ಹರಿಯುವ ಹೊತ್ತಿಗೆ ಮೇಲಿನ ಬೇಲಿಯ ಹತ್ತಿರ ಇದ್ದೆವು. ಅಪ್ಪ ನನ್ನ ಹಿಂದೆಯೇ, ನನ್ನ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತಾ ಬಂದ. ಬೇಲಿ ದಾಟುವ ಮೊದಲು ಬಂದೂಕು ಖಾಲಿ ಮಾಡುವುದು ಅವನ ನಿಯಮ. ನಾನು ನಡೆಯಲು ಕಲಿತಾಗಿನಿಂದ ಈ ನಿಯಮ ಕೇಳಿದ್ದೇನೆ. ಬೋಲ್ಟ್ ಎಳೆದ. ಬಿಗಿಯಾಗಿತ್ತು. ಇನ್ನೊಮ್ಮೆ ಎಳೆದ. ಹಿತ್ತಾಳೆ ಕೊಳವೆ ಬಂತು, ಗುಂಡು ಬರಲಿಲ್ಲ. ಅದು ನಳಿಗೆಯ ಗೀರಿಗೆ ಕಚ್ಚಿಕೊಂಡು ಒಳಗೇ ಉಳಿಯಿತು. ಮದ್ದೆಲ್ಲ ಸಾಸಿವೆಯಂತೆ ಬಂದೂಕಿನೊಳಗೆ ಚೆಲ್ಲಿತು.

ಅಪ್ಪ ಮಂಡಿಯೂರಿ ಕೂತು ಕಿರುಬೆರಳಿನಿಂದ ಮದ್ದು ಬಳಿಯತೊಡಗಿದ. "ಹಾಕುವಾಗ್ಲೇ ಬಿಗಿ ಇತ್ತು. ಚಳಿಗೆ ಇರಬಹುದು ಅಂದ್ಕೊಂಡೆ."

"ಅಂದ್ಕೊಂಡೆ ಅಂದ್ರೆ? ನಾನು ಅಂಕೆ ಹೇಳಿದ್ನಲ್ಲ? ಅಷ್ಟೂ ಸರಿಯಾಗಿ ಕೂರಿಸೋಕೆ ಆಗ್ಲಿಲ್ವಾ ನಿಂಗೆ?"

"ಅದನ್ನೇ ಕೂರಿಸ್ದೆ."

"ಹಾಗಿದ್ರೆ ಇದು ಹ್ಯಾಗೆ ಕಚ್ಕೊಳ್ತು? ಬೇಕು ಅಂತ್ಲೇ ಮಾಡಿದ್ದೀಯ. ತಾಮ್ರ ಕೆಲಸಕ್ಕೆ ಬಾರಲ್ಲ ಅಂತ ಊರಿಗೆಲ್ಲ ತೋರಿಸ್ಬೇಕಿತ್ತು."

ಅವನು ತಲೆ ಎತ್ತಿದ, ಅದೇ ಗೋಡೆ ನೋಡುವ ನೋಟದಲ್ಲಿ. ಗೋಡೆಯಿಲ್ಲದ ಬೆಟ್ಟದ ಮೇಲೆ. "ಮೆಲ್ಲಗೆ," ಅಂದ.

ನನ್ನ ಮಾತಿಗೆ ಹೇಳಿದ್ದಲ್ಲ. ಬೇಲಿಯಾಚೆ ಬಯಲಿಗೆ ಗಂಡು ಎಲ್ಕ್ ಬಂದಿತ್ತು. ಕೊಂಬಿಗೆ ಒಣಹುಲ್ಲು ಸಿಕ್ಕಿಕೊಂಡಿತ್ತು, ಬಾಯಿಂದ ಆವಿ ಬರುತ್ತಿತ್ತು. ತೊಂಬತ್ತು ಹೆಜ್ಜೆ ಇರಬಹುದು. ಅಷ್ಟು ದೊಡ್ಡದನ್ನು ಅಷ್ಟು ಹತ್ತಿರದಲ್ಲಿ ನಾನು ನೋಡಿಲ್ಲ. ಅಡ್ಡಲಾಗಿ ನಿಂತಿತು. ಬಹಳ ಹೊತ್ತು. ನಮ್ಮ ಕೈಯಲ್ಲಿದ್ದದ್ದು ಬಾಯಿ ಕಟ್ಟಿದ ಕಬ್ಬಿಣ.

ಅಪ್ಪ ಅದನ್ನು ನೇರ ನೋಡಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ನೋಡಲು ಸಂಕಟವಾಗಿರಬೇಕು.

ಅದು ಹೋದ ಮೇಲೆ "ಕೊಂಬಲ್ಲಿ ಎಷ್ಟು ಕವಲು ಇತ್ತು?" ಅಂದ.

ಆರು ಅಂದೆ. "ಎರಡೂ ಕಡೆ?" ಎಂದು ಕೇಳಿದ. ಹೌದು ಅಂದೆ.

ಇಳಿಯುವಾಗ ನಾನೇ ಗೆದ್ದ ಹಾಗೆ ಮುಂದೆ ಮುಂದೆ ನಡೆದೆ. ಅವನು ಎರಡು ಸಲ ಎಡವಿದ.


ಅಕ್ಟೋಬರ್ ೨೬, ಭಾನುವಾರ

ಅವನು ತುಂಬಿದ್ದರಲ್ಲಿ ಒಂದನ್ನು ನನ್ನ ಕಂಪೇರೇಟರಿನಲ್ಲಿ ಅಳೆದೆ. ೨.೭೭೨.

ಅವನ ತುಂಡಿನಲ್ಲಿ ಅಳೆದೆ. ೨.೭೧೦. ಕೂದಲೆಳೆಯಷ್ಟೂ ತಪ್ಪಿಲ್ಲ.

ಹತ್ತು ಸಲ ಅಳೆದೆ. ಅದೇ ತೋಟಾ, ಅದೇ ಕ್ಯಾಲಿಪರ್. ನಡುವೆ ಅರವತ್ತೆರಡು ಥೌ. ನನ್ನದರ ತೂತು ಕಿರಿದು, ಗುಂಡಿನ ಮೊನೆಯ ಹತ್ತಿರವೇ ತಡೆಯುತ್ತದೆ. ಅವನದು ನಳಿಗೆಯ ಹಾಗೆಯೇ ಕೆಳಗೆ, ಬಾಗಿನ ಬುಡದಲ್ಲಿ ನಿಲ್ಲುತ್ತದೆ. ಎರಡೂ ಸರಿಯಾಗಿಯೇ ಅಳೆಯುತ್ತವೆ. ಒಂದರ ಅಂಕೆಯನ್ನು ಇನ್ನೊಂದಕ್ಕೆ ಕೊಡಬಾರದು, ಅಷ್ಟೇ.

ಯಾವುದರಲ್ಲಿ ಅಳೆದದ್ದು ಎಂದು ಅವನು ಕೇಳಿದ್ದ.


ಅಕ್ಟೋಬರ್ ೨೮, ಮಂಗಳವಾರ

ಬಂದೂಕನ್ನು ಆರ್ಲೋ ಮಾಮನ ಶೆಡ್ಡಿಗೆ ಒಯ್ದೆ. ಅವನು ನಳಿಗೆಯ ಬಾಯಿಂದ ಹಿತ್ತಾಳೆ ಸರಳು ಇಳಿಸಿ, ಮರದ ಕೊಡತಿಯಿಂದ ಎರಡು ಏಟು ಹಾಕಿದ. ಗುಂಡು ಟಣ್ಣನೆ ಬಿತ್ತು. ಮೂತಿಯ ಸುತ್ತ ನಾಲ್ಕು ಸಣ್ಣ ಗೀರು. ಅಂಗೈಯಲ್ಲಿಟ್ಟು ನನಗೆ ಕೊಟ್ಟ.

ಎರಡು ಅಳತೆಯ ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ಹತ್ತೂ ಹೊಡೆದು ಖಾಲಿ ಮಾಡಿದ್ಯಲ್ಲ. ಒಂದು ಉಳಿಸ್ಕೋಬೇಕಿತ್ತು ಕೂಸೆ. ಮದ್ದಿಲ್ದೆ ಒಂದು ತೋಟಾ ಕಟ್ಟಿ ಇಟ್ಕೋತೀವಿ ನಾವು. ಬೇರೆಯವರ ಸಾಮಾನಿಗೆ ನಮ್ಮ ಅಂಕೆ ಹೇಳಲ್ಲ, ಆ ತೋಟಾನೇ ಕೊಡ್ತೀವಿ. ಅವರದ್ರಲ್ಲಿ ಅದು ಎಷ್ಟು ತೋರಿಸುತ್ತೋ ಅದೇ ಅವರ ಅಂಕೆ."

"ಇದು ಅಪ್ಪಂಗೂ ಗೊತ್ತಿತ್ತಲ್ಲ? ಮತ್ತೆ ಯಾಕೆ ಹಾಕ್ದ?"

"ಕೇಳಿದ್ನಂತೆ. ನೀನು ಹಾಕು ಅಂದ್ಯಂತೆ. ಹಾಕ್ದ."

"ಒಂದು ಸಲ ಬಂದೂಕಿಗೆ ಹಾಕಿ ತೆಗೆದು ಗೀರು ಬಿದ್ದಿದೆಯಾ ನೋಡಿದ್ರೆ ಆಗ್ತಿತ್ತು. ಯಾವಾಗ್ಲೂ ನೋಡ್ತಿದ್ದ."

ಆರ್ಲೋ ಮಾಮ ಸರಳನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಏನ್ ನೋಡ್ತಾನೆ, ಸಿಗ್ನೆ? ಅವನಿಗೆ ಕಣ್ಣೆಲ್ಲಿದೆ?"

ಕಣ್ಣಿನ ನಟ್ಟನಡುವೆ ಸತ್ತಿದೆಯಂತೆ, ಎರಡರಲ್ಲೂ. ಬಲಗಡೆ ಹೆಚ್ಚು. ನಡುವೆ ಕಪ್ಪು ಮಚ್ಚೆ, ಅಂಚಿನಲ್ಲಿ ಮಾತ್ರ ಕಾಣುವುದು. ಜುಲೈನಲ್ಲಿ ಮಿಸೌಲಾದ ಕಣ್ಣಿನ ಡಾಕ್ಟರು ಹೇಳಿದರಂತೆ, ಮುಂದಿನ ವರ್ಷದ ಬೇಟೆ ಇಲ್ಲವೆಂದು. ಆ ವಾರವೇ ಮಿಲ್ಲು ಬಿಟ್ಟ.

"ಆಗಸ್ಟಲ್ಲಿ ಇಲ್ಲಿ ಬಂದು ಎಡ ಭುಜಕ್ಕಿಟ್ಟು ಹೊಡೆಯೋಕೆ ಕಲಿತ. ನೂರು ಹೆಜ್ಜೆಯೊಳಗೆ ಒಂದು ತಟ್ಟೆನೂ ತಪ್ಪಲಿಲ್ಲ. ನೂರರಾಚೆ ಹೊಡೆಯಲ್ಲ ಅಂತ ನನ್ನ ಕೈ ಮೇಲೆ ಕೈ ಇಟ್ಟು ಹೇಳಿದ್ದ. ಆ ಹಳೇ ತೋಟಾ ಅವನೇ ತುಂಬ್ತಿದ್ದ. ಡೈ ಹನ್ನೆರಡು ವರ್ಷದಿಂದ ಕೂತಲ್ಲೇ ಕೂತಿತ್ತು. ಅದಕ್ಕೆ ಕಣ್ಣು ಬೇಕಿರಲಿಲ್ಲ. ಈ ತಾಮ್ರದ್ದಕ್ಕೆ ಭೂತಗನ್ನಡಿ ಹಿಡಿದು ಕ್ಯಾಲಿಪರಿನ ಗೆರೆ ಎಣಿಸೋಕೇ ಅರ್ಧ ರಾತ್ರಿ ಆಯ್ತಂತೆ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ತಾಮ್ರದ ಮಾತು ನಿಲ್ಲಿಸ್ತಿದ್ದೆ ಅಂತ. ಪಾಪ ಅಂತ ನಿಲ್ಲಿಸೋದು ಬೇಡ, ಅವಳು ಹೇಳೋದು ಸರಿ ಇದೆ ಅಂದ. ನಿನ್ನ ಆ ಕಾಗದ ಇದ್ಯಲ್ಲ, ನೀನೇ ಬರೆದಿದ್ದು, ಅದನ್ನ ತಂದು ನನ್ನ ಕೈಲಿ ಓದಿಸ್ದ. ಎರಡು ಸಲ."

ತೊಂಬತ್ತು ಹೆಜ್ಜೆ. ಅವನು ಮುಖ ತಿರುಗಿಸಿದ್ದು ಅದನ್ನು ನೋಡಲಿಕ್ಕೆ.


ಅಕ್ಟೋಬರ್ ೨೯

ಬೆಳಿಗ್ಗೆ ಕಾಫಿ ಕೊಡುವಾಗ ಅವನು ನನ್ನ ಕಿವಿಯ ಹಿಂದಿನ ಗೋಡೆ ನೋಡಿ "ಏನಾಯ್ತು, ಮುಖ ಊದಿದೆ," ಅಂದ.


ನವೆಂಬರ್ ೯, ಭಾನುವಾರ

ಕ್ಷಮೆ ಕೇಳಲು ನಾಲ್ಕು ದಿನ ವಾಕ್ಯ ಕಟ್ಟಿದೆ. ಕೊನೆಗೆ ಮೇಜಿನ ಮೇಲೆ ಎರಡು ಕಂಪೇರೇಟರನ್ನೂ ಅಕ್ಕಪಕ್ಕ ಇಟ್ಟೆ. ಅಪ್ಪ ಎರಡನ್ನೂ ತಡವಿ, ನನ್ನದನ್ನು ಎತ್ತಿಕೊಂಡು ತೂತಿಗೆ ಕಿರುಬೆರಳಿನ ತುದಿ ಹಾಕಿದ.

"ಇದ್ರ ಅಂಚು ಚೂಪಿದೆ. ಗುಂಡಿಗೆ ಗಾಯ ಆಗುತ್ತೆ. ಒಂಚೂರು ಸವರಿಸ್ಬೇಕು."

"ನಿನ್ನದರಲ್ಲೇ ಅಳೆಯೋಣ ಅಪ್ಪ."

"ಅದು ತಾಯಿತ ಅಲ್ವಾ?"

ಅವನು ನಗುತ್ತಿದ್ದ. ಆಮೇಲೆ, "ಅದೂ ಪೂರ್ತಿ ಸರಿ ಇಲ್ಲ," ಅಂದ. "ಇದು ನಳಿಗೆ ಹೊಸದಿದ್ದಾಗಿನ ತುಂಡು. ಮೂವತ್ತೊಂದು ವರ್ಷ ಹೊಡೆದು ಹೊಡೆದು ಆ ನಳಿಗೆಯ ಗಂಟಲು ಸುಟ್ಟು, ಗೀರು ಮುಂದೆ ಸರಿದಿದೆ. ಈ ತುಂಡು ಇನ್ನೂ ಅದನ್ನ ಹಳೇ ಹಾಗೇ ಅಂದ್ಕೊಂಡಿದೆ. ಇವತ್ತು ನಳಿಗೆ ಹ್ಯಾಗಿದೆ ಅಂತ ನಳಿಗೆನೇ ಕೇಳ್ಬೇಕು."

ಕೇಳಿದೆವು. ಸಡಿಲ ಗುಂಡನ್ನು ಮತ್ತೆ ನೂಕಿ, ತೆಗೆದು, ಅವನ ತುಂಡಿನಲ್ಲಿ ಅಳೆದೆ. ಗೀರು ತಾಗುವುದು ೨.೬೯೮. ಐವತ್ತು ಥೌ ಕಳೆದು ೨.೬೪೮. ನಾನು ಓದಿದೆ, ಅವನು ಡೈ ತಿರುಗಿಸಿದ. ಪ್ರತಿ ಸಲ ತಿರುಗಿಸುವ ಮೊದಲು ಉಗುರಿನಿಂದ ಡೈಯ ಅಂಚಿನ ಗುಳಿ ಹುಡುಕುತ್ತಾನೆ. ಎರಡು ಗುಳಿ ಅಂದರೆ ಆರು ಥೌ ಅಂತೆ. ಒಮ್ಮೆಯೂ ತಪ್ಪಲಿಲ್ಲ. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ.

ಮೊದಲನೆಯದಕ್ಕೆ ಮದ್ದು ಹಾಕಲಿಲ್ಲ, ಕಿಡಿ ಹೊತ್ತಿಸುವ ಕ್ಯಾಪೂ ಇಲ್ಲ. ಪಕ್ಕಕ್ಕೊಂದು ತೂತು ಕೊರೆದೆವು, ಯಾರೂ ಜೀವಂತದ್ದೆಂದು ತಿಳಿಯದಿರಲೆಂದು. ಅದೇ ನಮ್ಮ ಮೂಲ ತೋಟಾ. ಆಮೇಲೆ ಐದು ಜೀವಂತದ್ದು. ಪ್ರತಿಯೊಂದನ್ನೂ ಬಂದೂಕಿಗೆ ಹಾಕಿ, ತೆಗೆದು, ಗುಂಡಿನ ಸುತ್ತ ಬೆರಳಾಡಿಸಿದ.

ಈಗ ಅವನ ಎಡಗಡೆ ಕೂರುತ್ತೇನೆ. ಅಲ್ಲಿ ಕೂತರೆ ಕತ್ತು ಅಷ್ಟು ತಿರುಗಿಸಬೇಕಾಗುವುದಿಲ್ಲ.

ಊಟದ ಮೇಲೆ ಕರಪತ್ರ ಓದಿ ಹೇಳಿದೆ, ಮೊದಲನೆಯದು. "ನಿಧಾನ ಓದು," ಅಂದ, "ನೀನು ಜಗಳಕ್ಕೆ ಬಂದ ಹಾಗೆ ಓದ್ತೀಯ." ಎಕ್ಸರೇಯಲ್ಲಿ ಸೀಸದ ಚೂರುಗಳು ಕಾಣುವ ಭಾಗ ಬಂದಾಗ ಹೇಗೆ ಕಾಣುತ್ತದೆಂದು ಕೇಳಿದ. ಹಿಮ ಬಿದ್ದ ಹಾಗೆ ಅಂದೆ.

"ಆ ಹದ್ದು ನನ್ನದೇ ಇರಬೇಕು. ಕಳೆದ ವರ್ಷ ಆ ಕಣಿವೇಲಿ ಹೊಡೆದಿದ್ದು ನಾನೊಬ್ನೇ."

ಅದನ್ನು ನಾನು ಜನವರಿಯಿಂದ ಅವನ ಬಾಯಲ್ಲಿ ಕೇಳಬೇಕೆಂದು ಕಾಯುತ್ತಿದ್ದೆ. ಇಲ್ಲ ಅಪ್ಪ, ಹೇಳೋಕಾಗಲ್ಲ, ಬೇರೆ ಯಾರದ್ದಾದರೂ ಇರಬಹುದು ಅಂದೆ.


ನವೆಂಬರ್ ೧೧, ಮಂಗಳವಾರ

ಮರಿಹದ್ದು ಸತ್ತಿತು.


ನವೆಂಬರ್ ೧೫, ಶನಿವಾರ

ಎರಡು ಸಲ ಹೋಗಿ ಬಂದೆವು. ಹೆಣ್ಣುಗಳು, ಮರಿಗಳು. ಅಪ್ಪನ ಬೇಟೆ ಪರವಾನಗಿ ಗಂಡಿಗೆ ಮಾತ್ರ. ಆರು ಕವಲಿನದು ಮತ್ತೆ ಕಾಣಲಿಲ್ಲ. ಅವನಿಗೆ ಬೇಸರವಿಲ್ಲ, ನನಗಿದೆ. ಎಲ್ಕ್ ಸಿಗಲೆಂದು ಹಾರೈಸುತ್ತಿದ್ದೇನೆ, ನಾನು.


ನವೆಂಬರ್ ೧೯, ಬುಧವಾರ

ಬೆಳಿಗ್ಗೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಸಿಗ್ನೆ, ಈ ಚೌಕಟ್ಟು ಯಾಕೆ ಬಾಗಿದೆ?" ಅಂದ. ಬಾಗಿರಲಿಲ್ಲ.

ಮಿಸೌಲಾಕ್ಕೆ ಕರೆದೊಯ್ದೆ. ಎಡಗಣ್ಣಿನೊಳಗೆ ರಕ್ತ ಸೋರಿದೆಯಂತೆ. ಕಣ್ಣಿಗೇ ಸೂಜಿ ಹಾಕಿದರು. ನಾನು ಹೊರಗಿರಬೇಕೆಂದು ಅವನು ಹೇಳಿದ, ನಾನು ಒಳಗೇ ಇದ್ದೆ. ಡಾಕ್ಟರು ಒಂದು ಅಂಕೆ ಹೇಳಿದರು, ಇಪ್ಪತ್ತರ ಕೆಳಗೆ ನಾನೂರು. ಬೇರೆಯವರು ನಾನೂರು ಅಡಿಯಿಂದ ನೋಡುವುದನ್ನು ಅವನು ಇಪ್ಪತ್ತು ಅಡಿಗೆ ಹೋಗಿ ನೋಡಬೇಕಂತೆ.

ಬರುವ ದಾರಿಯಲ್ಲಿ ನದಿ ಎಷ್ಟು ಇಳಿದಿದೆ ಎಂದು ಕೇಳಿದ. ಸೇತುವೆಯ ಮೇಲೆ ನಿಲ್ಲಿಸಿ ಹೇಳಿದೆ. ಯಾವ ಕಲ್ಲಿನವರೆಗೆ ಎಂದು ಕೇಳಿದ. ಅದನ್ನೂ ಹೇಳಿದೆ.


ನವೆಂಬರ್ ೨೭, ಗುರುವಾರ

ಹಬ್ಬದೂಟಕ್ಕೆ ಆರ್ಲೋ ಮಾಮ ಬಂದ. ಟರ್ಕಿ ಒಣಗಿಹೋಗಿತ್ತು. "ಇದನ್ನೂ ತಾಮ್ರದ್ರಲ್ಲಿ ಹೊಡೆದ್ಯಾ?" ಅಂದ ಮಾಮ. "ಇಲ್ಲ, ನಿನ್ನ ಜೋಕು ಕೇಳಿ ಸತ್ತಿತು," ಅಂದೆ. ಅಪ್ಪ ನಕ್ಕು ನಕ್ಕು ಕೆಮ್ಮಿದ. ತಟ್ಟೆಯಲ್ಲಿ ಯಾವುದು ಎಲ್ಲಿದೆಯೆಂದು ಗಡಿಯಾರದ ಹಾಗೆ ಹೇಳಿದ್ದೆ. ಹನ್ನೆರಡಕ್ಕೆ ಮಾಂಸ, ಮೂರಕ್ಕೆ ಆಲೂಗಡ್ಡೆ. ಮಾಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

ಭಾನುವಾರ ಕೊನೆಯ ದಿನ. ಹೋಗೋಣ ಎಂದ ಅಪ್ಪ.


ನವೆಂಬರ್ ೩೦, ಭಾನುವಾರ

ಮಧ್ಯಾಹ್ನ ಹೊರಟೆವು. ಮೊಣಕಾಲುದ್ದ ಹಿಮ. ಅವನು ನನ್ನ ತೋಳು ಹಿಡಿದಿದ್ದ. ಬೇಲಿ ದಾಟಿ, ಬಯಲಿನ ಅಂಚಿನ ಬಿದ್ದ ಮರದ ಹಿಂದೆ ಕೂತೆವು. ಗುಂಡು ಆಚೆ ಎಲ್ಲೂ ಹೋಗದಂತೆ ಹಿಂದೆ ದಿಬ್ಬವಿದೆ, ಅವನೇ ಆರಿಸಿದ ಜಾಗ. ಐದರಲ್ಲಿ ಒಂದು ತೋಟಾ ಹಾಕಿದ. ಬೋಲ್ಟ್ ಬೆಣ್ಣೆಯಂತೆ ಮುಚ್ಚಿತು. ಇಬ್ಬರೂ ಆ ಸದ್ದು ಕೇಳಿದೆವು.

ಮೂರು ಗಂಟೆಯ ಹೊತ್ತಿಗೆ ಗಂಡೊಂದು ಬಂತು. ಆರು ಕವಲಿನದಲ್ಲ, ಎಳೆಯದು. ಕಾಲಿನಿಂದ ಹಿಮ ಕೆದರುತ್ತಾ ಹುಲ್ಲು ಹುಡುಕುತ್ತಿತ್ತು. ಹತ್ತಿರ ಹತ್ತಿರ ಬಂದು ಅಡ್ಡಲಾಗಿ ನಿಂತಿತು. ಅರವತ್ತು ಹೆಜ್ಜೆಯೂ ಇರಲಿಲ್ಲ.

"ಎಲ್ಲಿ?"

"ಸುಟ್ಟ ಮೋಟು ಮರ ಗೊತ್ತಲ್ಲ? ಅದರ ಎಡಕ್ಕೆ. ತಲೆ ಬಲಕ್ಕಿದೆ."

ಎಡ ಭುಜಕ್ಕೆ ಏರಿಸಿದ. ಬಂದೂಕಿನ ದುರ್ಬೀನಿನ ಹಿಂದೆ ಅವನ ಕೆನ್ನೆ ಮೇಲೆ, ಕೆಳಗೆ, ಪಕ್ಕಕ್ಕೆ ಸರಿಯಿತು. ಮುಚ್ಚಿದ ಅಂಗಡಿಯೊಳಗೆ ಇಣುಕುವವನ ಹಾಗೆ. ಸ್ವಲ್ಪ ಎಡಕ್ಕೆ ಅಪ್ಪ, ಇನ್ನೂ ಎಡಕ್ಕೆ, ಈಗ ಕೆಳಗೆ ಎಂದು ಹೇಳುತ್ತಿದ್ದೆ. ನಾನು ಹೇಳಿದ್ದು ಸರಿಯಾಗಿತ್ತು. ನಳಿಗೆ ಅದರ ಭುಜದ ಮೇಲೇ ಇತ್ತು, ನನಗೆ ಖಂಡಿತ ಗೊತ್ತು. ಒತ್ತಿದ್ದರೆ ಬೀಳುತ್ತಿತ್ತು.

ಅವನು ಬಂದೂಕು ಇಳಿಸಿದ.

"ಬೂದು ಬಣ್ಣ ಒಂದು ಕಾಣ್ತಿದೆ. ಅದು ಎಲ್ಕು ಅಂತ ನೀನು ಹೇಳ್ತಿದ್ದೀಯ. ನಂಗೆ ಗೊತ್ತಿಲ್ಲ."

"ಎಲ್ಕೇ ಅಪ್ಪ. ನಾನು ನೋಡ್ತಿದ್ದೀನಲ್ಲ."

"ನೋಡ್ತಿರೋದು ನೀನು. ಒತ್ತೋದು ನಾನು. ಎರಡೂ ಒ‌ಬ್ರದ್ದೇ ಆಗಿರ್ಬೇಕು."

ನಾನು ಇನ್ನೇನೋ ಹೇಳಲು ಹೋದೆ. ಅವನು ನನ್ನ ಮಂಡಿಯ ಮೇಲೆ ಕೈ ಇಟ್ಟ. ಎಲ್ಕ್ ತಲೆ ಎತ್ತಿ ನಮ್ಮ ಕಡೆ ನೋಡಿತು, ಮತ್ತೆ ಮೇಯತೊಡಗಿತು. ಏನು ಮಾಡುತ್ತಿದೆ ಎಂದು ಕೇಳಿದ. ಹೇಳಿದೆ. ಕಿವಿ ಹೇಗಿದೆ, ಎದೆಯ ಮೇಲೆ ಹಿಮ ಎಲ್ಲಿ ಅಂಟಿದೆ, ಕೊಂಬಿನ ತುದಿ ಎಷ್ಟು ಬೆಳ್ಳಗಿದೆ. ಅದು ಮರಗಳೊಳಗೆ ಹೋಗುವವರೆಗೂ ಹೇಳಿದೆ. ಅವನು ಮುಖವನ್ನು ಪಕ್ಕಕ್ಕೆ ತಿರುಗಿಸಿ, ತಿರುಗಿಸಿ, ಕೊನೆಗೆ ನೇರ ಇಟ್ಟುಕೊಂಡು ಕೇಳಿದ.

ಆಮೇಲೆ ಬೋಲ್ಟ್ ಎಳೆದ. ತೋಟಾ ಇಡಿಯಾಗಿ ಹೊರಬಂದು ಅವನ ಅಂಗೈಗೆ ಬಿತ್ತು. ಗುಂಡಿನ ಸುತ್ತ ಹೆಬ್ಬೆರಳು ಸುತ್ತಿಸಿದ.

"ಗೀರು ಇದೆಯಾ?"

"ಇಲ್ಲ."

"ಅಳತೆ ಸರಿ ಇತ್ತು," ಅಂದ. ಅದನ್ನು ನನ್ನ ಕೋಟಿನ ಜೇಬಿಗೆ ಹಾಕಿದ. ತನ್ನ ಜೇಬಿನಿಂದ ಆ ನಳಿಗೆಯ ತುಂಡನ್ನೂ ತೆಗೆದು ಅದರ ಜೊತೆಗೇ ಹಾಕಿದ. ನಾನು ಬೇಡವೆನ್ನಲಿಲ್ಲ.

ಬಂದೂಕು ನಾನು ಹಿಡಿದೆ. ಅವನ ಎಡಗಡೆ, ಅರ್ಧ ಹೆಜ್ಜೆ ಮುಂದೆ ನಡೆದೆ. ಜೇಬಿನಲ್ಲಿ ಎರಡೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಬೇಲಿ ಬಂತು ಅಂದೆ.

"ಬಂದೂಕು ಖಾಲಿ ಇದೆಯಾ?"

"ಇದೆ."

"ನೋಡಿ ಹೇಳು."

ಇನ್ನೂ ಬೆಳಕಿತ್ತು, ಕಣ್ಣಿನಿಂದಲೇ ನೋಡಬಹುದಿತ್ತು. ಯಾಕೋ ಕೈಗವಸು ತೆಗೆದು, ಕಿರುಬೆರಳು ಒಳಗಿಟ್ಟು ನೋಡಿದೆ. ನಳಿಗೆಯ ಬುಡ ತಣ್ಣಗಿತ್ತು. ಖಾಲಿ ಅಂದೆ. ಅವನು ಬೇಲಿಯ ಮೇಲಿನ ತಂತಿಯನ್ನು ತಡವಿ ಹಿಡಿದು, ನಾನು ದಾಟಲೆಂದು ಎತ್ತಿ ನಿಂತ.